ಮೊದಲು ಕಿವಿ, ಆಮೇಲೆ ಸ್ಕ್ರೂಡ್ರೈವರು

ಈ ವಾರದ ಅಂಚೆಯಲ್ಲಿ ಮಲ್ಲೇಶ್ವರದ ಒಬ್ಬ ತಾಯಿಯವರ ಪತ್ರ ಬಂದಿದೆ. ಅವರ ಹದಿನಾರು ವರ್ಷದ ಮಗನಿಗೆ ಅಮೆರಿಕದಲ್ಲಿರುವ ಸೋದರಮಾವ ಆಟದ ಟ್ರಕ್ಕೊಂದನ್ನು ತಂದುಕೊಟ್ಟಿದ್ದಾರೆ. ಅದು ಕೀಲಿ ಕೊಟ್ಟು ಬಿಡುವ ಆಟಿಕೆಯಲ್ಲ. ಬ್ಯಾಟರಿಯ ಬಲದಿಂದ ಓಡುವಂಥದೂ ಅಲ್ಲ. ‘ನೈಟ್ರೊ’ ಎಂದು ಹೆಸರಾದ ಇಂಧನವನ್ನು ಕುಡಿದು, ಹೊಗೆಯುಗುಳುತ್ತ, ಕೈಯಲ್ಲಿ ಹಿಡಿದ ರೇಡಿಯೋ ಪೆಟ್ಟಿಗೆಯ ಅಪ್ಪಣೆಯಂತೆ ಓಡುವ, ನಿಜವಾದ ಎಂಜಿನ್ನುಳ್ಳ ಬಂಡಿ. ಮೊದಲನೆಯ ಭಾನುವಾರ ಹತ್ತು ನಿಮಿಷ ಸೊಗಸಾಗಿ ಓಡಿತಂತೆ. ಎರಡನೆಯ ಭಾನುವಾರ ಹಗ್ಗ ಎಳೆದೆಳೆದು ಹುಡುಗನ ಅಂಗೈಯಲ್ಲಿ ಬೊಬ್ಬೆ ಎದ್ದರೂ ಅದು ಉಸಿರೆತ್ತಲಿಲ್ಲ. ನೆರೆಮನೆಯ ಕಾಲೇಜು ಹುಡುಗನೊಬ್ಬನು ಬಂದು ಕಣ್ಣಿಗೆ ಕಂಡ ಸ್ಕ್ರೂಗಳನ್ನೆಲ್ಲ ಒಂದೊಂದು ಸುತ್ತು ತಿರುಗಿಸಿ, ‘ಇದು ರಿಪೇರಿಯಾಗುವುದಲ್ಲ’ ಎಂದು ತೀರ್ಪಿತ್ತು ಹೋದನಂತೆ.

‘ನಮ್ಮ ಮನೆಯವರು ಅದನ್ನು ಅಟ್ಟಕ್ಕೆ ಹಾಕಿಬಿಡು ಎನ್ನುತ್ತಾರೆ. ಹುಡುಗನು ಎರಡು ದಿನದಿಂದ ನೆಟ್ಟಗೆ ಊಟ ಮಾಡಿಲ್ಲ. ಮಾವ ಅಷ್ಟು ದೂರದಿಂದ ಹೊತ್ತು ತಂದ ವಸ್ತು. ಅದು ಕೆಟ್ಟಿದೆಯೋ, ಇವನಿಗೆ ನಡೆಸಲು ತಿಳಿಯದೋ, ದಯವಿಟ್ಟು ತಿಳಿಸಿ’ ಎಂದು ಆ ತಾಯಿ ಕೇಳಿದ್ದಾರೆ.

ಅಮ್ಮಾ, ಹುಡುಗನು ಊಟಕ್ಕೆ ಏಳಲಿ. ಚೆನ್ನಾಗಿ ಓಡಿದ ಹೊಸ ಎಂಜಿನ್ನು ಒಂದು ವಾರ ಕಪಾಟಿನಲ್ಲಿ ಕುಳಿತ ಮಾತ್ರಕ್ಕೆ ಪೂರ್ತಿಯಾಗಿ ಕೆಡುವುದು ಅಪರೂಪ. ಕೆಟ್ಟಿರುವುದು ಅದರ ಹೊಂದಿಕೆ. ಅದನ್ನೂ ಬಹುಮಟ್ಟಿಗೆ ಕೆಡಿಸಿದ್ದು ಆತುರದ ಸ್ಕ್ರೂಡ್ರೈವರು. ಇಂಥ ಎಂಜಿನ್ನಿನ ಚಿಕಿತ್ಸೆಯಲ್ಲಿ ಸ್ಕ್ರೂ ತಿರುಗಿಸುವುದು ಕಟ್ಟಕಡೆಯ ಕೆಲಸ. ನೋಡುವುದು, ಕೇಳುವುದು, ಕಾವು ಪರೀಕ್ಷಿಸುವುದು, ಇವು ಮೊದಲಿನವು. ನಾಡಿ ಹಿಡಿಯದೆ ಔಷಧ ಕೊಡುವ ವೈದ್ಯನನ್ನು ನಾವು ಮನೆಗೆ ಸೇರಿಸುವುದಿಲ್ಲವಷ್ಟೆ! ಮುಂದಿನ ಮಾತುಗಳನ್ನು ತಾಯಿಮಕ್ಕಳು ಜೊತೆಯಲ್ಲಿ ಕುಳಿತು ಓದಬೇಕೆಂದು ಕೋರುತ್ತೇವೆ.

ಬೆರಳುದ್ದದ ಭೀಮ

ಈ ಎಂಜಿನ್ನಿನ ಸಿಲಿಂಡರು ಎರಡೂವರೆ ಮೂರು ಘನ ಸೆಂಟಿಮೀಟರಿನಷ್ಟು ಮಾತ್ರ. ಅರ್ಧ ಚಮಚೆ ನೀರು ಹಿಡಿಸುವ ಜಾಗ. ಆದರೆ ಅದರೊಳಗಿನ ಪಿಸ್ಟನ್ನು ಪೂರ್ತಿ ವೇಗದಲ್ಲಿ ನಿಮಿಷಕ್ಕೆ ಮೂವತ್ತು ಸಾವಿರ ಸಲ, ಎಂದರೆ ಸೆಕೆಂಡಿಗೆ ಐನೂರು ಸಲ, ಮೇಲೆ ಕೆಳಗೆ ಓಡಾಡುತ್ತದೆ. ಮನೆಯ ಸ್ಕೂಟರು ಇದರ ಕಾಲುಭಾಗದ ವೇಗಕ್ಕೇ ಏದುಸಿರು ಬಿಡುತ್ತದೆ. ಆದುದರಿಂದ ಇದನ್ನು ಆಟಿಕೆಯೆಂದು ಎಣಿಸದೆ, ಸಣ್ಣ ಮೈಯ ದೊಡ್ಡ ಎಂಜಿನ್ನೆಂದು ಎಣಿಸುವುದು ಲೇಸು.

ಇದರಲ್ಲಿ ಸ್ಕೂಟರಿನಲ್ಲಿರುವಂತೆ ಕಿಡಿ ಹಾರಿಸುವ ಪ್ಲಗ್ಗಿಲ್ಲ. ‘ಗ್ಲೋ ಪ್ಲಗ್ಗು’ ಇದೆ. ಅಮೆರಿಕದ ರೇ ಆರ್ಡೆನ್ ಎಂಬುವರು ೧೯೪೭ರಲ್ಲಿ ಇದನ್ನು ಮಾರುಕಟ್ಟೆಗೆ ತಂದ ಮೇಲೆ ಪುಟ್ಟ ವಿಮಾನಗಳ ಎಂಜಿನ್ನುಗಳು ಹಗುರವಾದವು. ಅದೇ ಬಗೆಯ ಎಂಜಿನ್ನು ಬಳಿಕ ನೆಲದ ಬಂಡಿಗಳಿಗೂ ಇಳಿಯಿತು. ದೊಡ್ಡ ಚಕ್ರದ ನೈಟ್ರೊ ಟ್ರಕ್ಕು ೧೯೯೯ರಲ್ಲಿ ಬಂದ ‘ಟಿ-ಮ್ಯಾಕ್ಸ್’ ಎಂಬ ಮಾದರಿಯಿಂದ ಹೆಚ್ಚು ಜನಪ್ರಿಯವಾಯಿತು. ಗ್ಲೋ ಪ್ಲಗ್ಗಿನ ಒಳಗಿರುವುದು ಪ್ಲಾಟಿನಂ ಬೆರೆತ ತಂತಿಯ ಸಣ್ಣ ಸುರುಳಿ. ಪ್ರಾರಂಭದಲ್ಲಿ ಅದನ್ನು ಒಂದೂವರೆ ವೋಲ್ಟಿನ ಬ್ಯಾಟರಿಯಿಂದ ಕೆಂಡದಂತೆ ಕಾಯಿಸಬೇಕು. ಎಂಜಿನ್ನು ಹೊರಟ ಮೇಲೆ ಬ್ಯಾಟರಿಯನ್ನು ತೆಗೆದರೂ ಸುರುಳಿ ಆರುವುದಿಲ್ಲ. ಇಂಧನದ ಆವಿ ಪ್ಲಾಟಿನಂ ಸೋಕಿದಾಗ ಹುಟ್ಟುವ ಶಾಖವೂ ಪ್ರತಿಸಲ ಉರಿಯುವ ಅನಿಲದ ಶಾಖವೂ ಕೂಡಿ ಅದನ್ನು ಕೆಂಪಾಗಿಯೇ ಇಟ್ಟಿರುತ್ತವೆ.

ಇಂಧನದ ಬಗ್ಗೆ ಒಂದು ಮಾತು. ಇದರಲ್ಲಿ ಹೆಚ್ಚಿನ ಪಾಲು ಮೆಥನಾಲ್, ನೂರಕ್ಕೆ ಹತ್ತರಿಂದ ಮೂವತ್ತರಷ್ಟು ನೈಟ್ರೊಮೀಥೇನ್, ಉಳಿದುದು ಎಣ್ಣೆ. ಒಂದು ಪಾಲು ಪೆಟ್ರೋಲು ಸರಿಯಾಗಿ ಉರಿಯಲು ತೂಕದಲ್ಲಿ ೧೪.೭ ಪಾಲು ಗಾಳಿ ಬೇಕು, ಮೆಥನಾಲಿಗೆ ೬.೪ ಪಾಲು ಸಾಕು. ತನ್ನ ಮೈಯಲ್ಲೇ ಆಮ್ಲಜನಕವನ್ನು ಹೊತ್ತಿರುವ ನೈಟ್ರೊಮೀಥೇನಿಗೆ ೧.೭ ಪಾಲೇ ಸಾಕು. ಅಷ್ಟೇ ಗಾಳಿಯಲ್ಲಿ ಹೆಚ್ಚು ಇಂಧನ ಉರಿಸಬಹುದಾದ್ದರಿಂದಲೇ ಈ ಪುಟ್ಟ ಎಂಜಿನ್ನಿಗೆ ಆ ಭೀಮಬಲ. ಅಪ್ಪನ ಸ್ಕೂಟರಿನಿಂದ ಪೆಟ್ರೋಲು ಬಸಿದು ಇದಕ್ಕೆ ಹಾಕುವ ಯೋಚನೆ ಯಾರಿಗೂ ಬರಬಾರದು; ಎಂಜಿನ್ನು ಹಾಳಾಗುತ್ತದೆ. ಈ ಇಂಧನವನ್ನು ವಿಮಾನದ ಪೆಟ್ಟಿಗೆಯಲ್ಲಿ ತರುವುದೂ ನಿಷಿದ್ಧ. ಮಾವನವರ ಮೇಲೆ ಭಾರ ಹಾಕದೆ, ಈ ಹವ್ಯಾಸದ ಸಾಮಾನುಗಳ ಅಂಗಡಿಯಲ್ಲಿ ಮೊಹರು ಒಡೆಯದ ಡಬ್ಬಿಯನ್ನೇ ಕೊಳ್ಳಬೇಕು. ಮನೆಯಲ್ಲಿ ಬೆರಕೆ ಮಾಡುವ ಸಾಹಸ ಬೇಡ.

ಇನ್ನು ಎಣ್ಣೆ. ನಮ್ಮ ಅಜ್ಜಿಯರು ಮಕ್ಕಳನ್ನು ಹಿಡಿದು ಕುಡಿಸುತ್ತಿದ್ದ ಹರಳೆಣ್ಣೆಯೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೆಲವು ಡಬ್ಬಿಗಳಲ್ಲಿ ಅದೊಂದೇ ಇದ್ದರೆ, ಹಲವು ಡಬ್ಬಿಗಳಲ್ಲಿ ಕೃತಕ ಎಣ್ಣೆಯೊಡನೆ ಬೆರೆತಿರುತ್ತದೆ. ಮೊದಲನೆಯ ಮಹಾಯುದ್ಧದ ಹಲವು ವಿಮಾನಗಳ ಎಂಜಿನ್ನುಗಳೂ ಹರಳೆಣ್ಣೆಯಿಂದಲೇ ನಡೆದವು. ಅದು ಮೆಥನಾಲಿನಲ್ಲಿ ಚೆನ್ನಾಗಿ ಬೆರೆಯುತ್ತದೆ. ಕಡುಕಾವಿನಲ್ಲೂ ಲೋಹದ ಮೇಲಿನ ತನ್ನ ಪದರವನ್ನು ಬಿಟ್ಟುಕೊಡುವುದಿಲ್ಲ. ಇಲ್ಲಿ ನೆನಪಿಡತಕ್ಕ ಸಂಗತಿಯೊಂದಿದೆ: ಈ ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿಯಿಲ್ಲ. ಇಂಧನದೊಡನೆ ಬಂದಷ್ಟೇ ಎಣ್ಣೆ. ಇಂಧನ ಕಡಿಮೆಯಾಯಿತೆಂದರೆ ಎಣ್ಣೆಯೂ ಕಡಿಮೆಯಾಯಿತು. ಇಂಧನ ಹೆಚ್ಚಾದ ಮಿಶ್ರಣಕ್ಕೆ ಮೆಕ್ಯಾನಿಕ್ಕುಗಳು ‘ರಿಚ್’ ಎನ್ನುತ್ತಾರೆ, ಕಡಿಮೆಯಾದುದಕ್ಕೆ ‘ಲೀನ್’ ಎನ್ನುತ್ತಾರೆ. ರಿಚ್ ಆದ ಎಂಜಿನ್ನು ಮಂಕಾಗಿ ಓಡುತ್ತದೆ, ಅಷ್ಟೆ. ಲೀನ್ ಆದ ಎಂಜಿನ್ನು ಕಿವಿಗೆ ಇಂಪಾಗಿ ಕೂಗುತ್ತ, ಅತಿ ವೇಗವಾಗಿ ಓಡುತ್ತ, ಒಳಗೊಳಗೇ ಸವೆದು ಸಾಯುತ್ತದೆ. ಹುಡುಗರು ಮೋಸಹೋಗುವುದು ಇಲ್ಲಿಯೇ.

ಹೊಸ ಎಂಜಿನ್ನನ್ನು ಪಳಗಿಸುವ ಬಗೆ

ಇದರ ಪಿಸ್ಟನ್ನಿಗೆ ರಿಂಗುಗಳಿಲ್ಲ. ಅಲ್ಯೂಮಿನಿಯಂ ಪಿಸ್ಟನ್ನು ಕ್ರೋಮಿಯಂ ಲೇಪದ ಹಿತ್ತಾಳೆಯ ಕೊಳವೆಯೊಳಗೆ ನೇರವಾಗಿ ಓಡಾಡುತ್ತದೆ. ಈ ಕೊಳವೆ ಮೇಲುಗಡೆ ಕೂದಲೆಳೆಯಷ್ಟು ಕಿರಿದು. ಆದ್ದರಿಂದ ತಣ್ಣಗಿರುವಾಗ ಪಿಸ್ಟನ್ನು ತುದಿಗೆ ಬಂದು ಸಿಕ್ಕಿಕೊಂಡಂತಾಗುತ್ತದೆ. ಎಂಜಿನ್ನು ಕಾದಾಗ ಹಿತ್ತಾಳೆ ಹಿಗ್ಗಿ ದಾರಿ ಬಿಡುತ್ತದೆ. ಹೊಸ ಎಂಜಿನ್ನಿನ ಹಗ್ಗ ಬಿಗಿಯಾಗಿರುವುದು ದೋಷವಲ್ಲ, ಲಕ್ಷಣ. ಆ ಬಿಗಿಯನ್ನು ಮೊಳದುದ್ದ ಜಗ್ಗಿ ಗೆಲ್ಲಲು ಹೋದರೆ ಹಗ್ಗ ಕಿತ್ತುಬರುತ್ತದೆ. ಗೇಣುದ್ದದ ಚುರುಕಾದ ಎಳೆತಗಳು ಸಾಕು. ಡಿಸೆಂಬರಿನ ಬೆಳಗ್ಗೆಯಾದರೆ, ತಲೆಗೂದಲು ಒಣಗಿಸುವ ಯಂತ್ರದಿಂದ ಸಿಲಿಂಡರಿನ ತಲೆಗೆ ಎರಡು ಮೂರು ನಿಮಿಷ ಬಿಸಿಗಾಳಿ ಕೊಟ್ಟು ಹಗ್ಗ ಎಳೆಯಬಹುದು. ಹಾಗೆ ಮಾಡುವಾಗ ಇಂಧನದ ಡಬ್ಬಿ ಹತ್ತಿರವಿರಬಾರದು, ಟ್ಯಾಂಕೂ ಖಾಲಿಯಿರಬೇಕು.

ಪೆಟ್ಟಿಗೆಯೊಡನೆ ಬಂದ ಪುಸ್ತಕದಲ್ಲಿ ಪಳಗಿಸುವ ಕ್ರಮವಿರುತ್ತದೆ. ಆ ಕ್ರಮವೇ ಪ್ರಮಾಣ. ಅದರ ಸಾರ ಬಹುತೇಕ ಹೀಗಿರುತ್ತದೆ: ಮೊದಲ ಐದಾರು ಟ್ಯಾಂಕು ಇಂಧನವನ್ನು ರಿಚ್ ಮಿಶ್ರಣದಲ್ಲಿಯೇ ಉರಿಸಬೇಕು. ಹೊಗೆಯ ಗೆರೆ ಹಿಂದೆ ಕಾಣುತ್ತಿರಬೇಕು. ಮೊದಲೆರಡು ಟ್ಯಾಂಕುಗಳಲ್ಲಿ ನಿಧಾನವಾಗಿ ಸುತ್ತು ಹಾಕಿಸಬೇಕೇ ಹೊರತು ಪೂರ್ತಿ ವೇಗ ಕೊಡಕೂಡದು. ಟ್ಯಾಂಕು ಟ್ಯಾಂಕಿನ ನಡುವೆ ಎಂಜಿನ್ನು ಪೂರ್ತಿಯಾಗಿ ತಣಿಯಲು ಹತ್ತು ಹದಿನೈದು ನಿಮಿಷ ಬಿಡಬೇಕು. ನಿಲ್ಲಿಸಿದ ಕೂಡಲೆ ಹಾರುಚಕ್ರವನ್ನು ಕೈಯಿಂದ ತಿರುಗಿಸಿ ಪಿಸ್ಟನ್ನನ್ನು ಕೆಳಕ್ಕೆ ತಂದಿಡಬೇಕು. ಮೇಲೆಯೇ ಬಿಟ್ಟರೆ, ತಣಿಯುವ ಹಿತ್ತಾಳೆ ಕುಗ್ಗಿ ಅದನ್ನು ಹಿಡಿದುಕೊಳ್ಳುತ್ತದೆ. ನಿಮ್ಮ ಹುಡುಗನ ಎಂಜಿನ್ನು ಒಂದೇ ಟ್ಯಾಂಕು ಓಡಿ ಒಂದು ವಾರ ಕುಳಿತಿತೆಂದ ಮೇಲೆ, ಪಿಸ್ಟನ್ನು ಮೇಲೆ ಸಿಕ್ಕಿಕೊಂಡಿದೆಯೇ ಎಂಬುದನ್ನೇ ಮೊದಲು ನೋಡತಕ್ಕದ್ದು. ಪ್ಲಗ್ಗನ್ನು ಬಿಚ್ಚಿ, ರಂಧ್ರಕ್ಕೆ ಎರಡು ತೊಟ್ಟು ಎಂಜಿನ್ನೆಣ್ಣೆ ಬಿಟ್ಟು, ಹಾರುಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಿಸಿದರೆ ಬಿಟ್ಟುಕೊಳ್ಳುತ್ತದೆ.

ಬೆಂಗಳೂರಿನ ಗಾಳಿ

ಅಮೆರಿಕದಿಂದ ಬಂದ ಪುಸ್ತಕ ಹೇಳದ ಒಂದು ಸಂಗತಿಯನ್ನು ನಾವು ಹೇಳಬೇಕು. ನಮ್ಮ ಊರು ಸಮುದ್ರಮಟ್ಟಕ್ಕಿಂತ ಸುಮಾರು ೯೨೦ ಮೀಟರು ಎತ್ತರದಲ್ಲಿದೆ. ಇಲ್ಲಿನ ಗಾಳಿ ಕಡಲತೀರದ ಗಾಳಿಗಿಂತ ನೂರಕ್ಕೆ ಎಂಟೊಂಬತ್ತು ಪಾಲು ತೆಳು. ಕಡಲತೀರಕ್ಕೆ ಸರಿಹೊಂದುವ ಮಿಶ್ರಣ ಇಲ್ಲಿ ಕೊಂಚ ರಿಚ್ ಆಗಿಯೇ ಇರುತ್ತದೆ; ಹೊಗೆ ಹೆಚ್ಚು, ಬಲ ಕಡಿಮೆ. ‘ಯಂತ್ರವೇ ದುರ್ಬಲ’ ಎಂದು ಹುಡುಗರು ಕೊರಗುವುದಕ್ಕೆ ಇದೂ ಒಂದು ಕಾರಣ. ಪಳಗಿಸುವ ದಿನಗಳಲ್ಲಿ ಇದು ಒಳ್ಳೆಯದೇ. ಬಳಿಕ ಸೂಜಿಯನ್ನು ಕಾಲು ಸುತ್ತಿನೊಳಗೆ, ಸ್ವಲ್ಪಸ್ವಲ್ಪವಾಗಿ ಮುಚ್ಚಿಕೊಂಡು ಬರಬಹುದು.

ಆದರೆ ಬೇಸಗೆ ರಜೆಗೆ ಮಂಗಳೂರಿಗೋ ಉಡುಪಿಗೋ ಹೊರಟಾಗ ಟ್ರಕ್ಕೂ ಜೊತೆಯಲ್ಲಿ ಹೊರಟಿತೆಂದರೆ ಎಚ್ಚರ! ಅಲ್ಲಿ ಗಾಳಿ ದಟ್ಟ. ಬೆಂಗಳೂರಿನಲ್ಲಿ ಸರಿಯಾಗಿದ್ದ ಸೂಜಿ ಅಲ್ಲಿ ಲೀನ್ ಆಗುತ್ತದೆ. ಹೊರಡಿಸುವ ಮೊದಲೇ ಸೂಜಿಯನ್ನು ಕಾಲು ಸುತ್ತು ತೆರೆದುಕೊಂಡು, ಅಲ್ಲಿಂದ ಹೊಸದಾಗಿ ಹೊಂದಿಸಬೇಕು. ಒಂದೇ ಊರಿನಲ್ಲಿದ್ದರೂ, ಏಪ್ರಿಲಿನ ಮಧ್ಯಾಹ್ನ ಹೊಂದಿಸಿದ್ದು ಡಿಸೆಂಬರಿನ ಬೆಳಗ್ಗೆಗೆ ಒಗ್ಗುವುದಿಲ್ಲ. ತಣ್ಣನೆಯ ಗಾಳಿಯೂ ದಟ್ಟವಾದ ಗಾಳಿಯೇ.

ಹೊರಡದಿದ್ದರೆ ಏನು ನೋಡಬೇಕು?

ಒಂದು ಕ್ರಮವನ್ನು ಕೊಡುತ್ತೇವೆ. ಕ್ರಮ ತಪ್ಪಿಸಬಾರದು, ಎರಡನ್ನು ಒಟ್ಟಿಗೆ ಮಾಡಬಾರದು.

ಮೊದಲನೆಯದು ಇಂಧನ. ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಂಡು ಕೆಡುತ್ತದೆ. ಅನುಮಾನವಿದ್ದರೆ ಹೊಸ ಡಬ್ಬಿಯನ್ನೇ ಉಪಯೋಗಿಸಿರಿ. ಟ್ಯಾಂಕಿನಿಂದ ಕಾರ್ಬ್ಯುರೇಟರಿಗೆ ಹೋಗುವ ಪಾರದರ್ಶಕ ಕೊಳವೆಯಲ್ಲಿ ಇಂಧನ ಸರಿಯುವುದು ಕಾಣಬೇಕು. ಕಾಣದಿದ್ದರೆ ಸೈಲೆನ್ಸರಿನ ಬಾಯನ್ನು ಬೆರಳಿನಿಂದ ಮುಚ್ಚಿ ಹಗ್ಗವನ್ನು ಎರಡು ಮೂರು ಸಲ ಎಳೆದರೆ ಬರುತ್ತದೆ. ಎಂಜಿನ್ನು ಆಗತಾನೆ ಓಡಿ ನಿಂತಿದ್ದರೆ ಸೈಲೆನ್ಸರು ಬೆರಳು ಸುಡುತ್ತದೆ. ಮಡಿಸಿದ ಬಟ್ಟೆಯಿಂದ ಮುಚ್ಚತಕ್ಕದ್ದು. ಸೈಲೆನ್ಸರಿನಿಂದ ಟ್ಯಾಂಕಿಗೆ ಬರುವ ಇನ್ನೊಂದು ಕೊಳವೆಯ ಒತ್ತಡವೇ ಇಂಧನವನ್ನು ಮುಂದಕ್ಕೆ ತಳ್ಳುವುದು. ಅದು ಕಳಚಿದ್ದರೆ, ಸೀಳಿದ್ದರೆ, ಯಾವ ಸ್ಕ್ರೂ ತಿರುಗಿಸಿಯೂ ಫಲವಿಲ್ಲ.

ಎರಡನೆಯದು ಗ್ಲೋ ಪ್ಲಗ್ಗು. ಬಿಚ್ಚಿ, ಕಾಯಿಸುವ ಬ್ಯಾಟರಿಗೆ ಸಿಕ್ಕಿಸಿ, ಇಕ್ಕಳದಲ್ಲಿ ಹಿಡಿದು ನೋಡಿರಿ. ಸುರುಳಿ ಪೂರ್ತಿಯಾಗಿ ಕಿತ್ತಳೆಬಣ್ಣಕ್ಕೆ ಬೆಳಗಬೇಕು. ಮಂಕಾದ ಕೆಂಪಿದ್ದರೆ ಬ್ಯಾಟರಿ ಇಳಿದಿದೆ. ಬೆಳಗದಿದ್ದರೆ ಅಥವಾ ಅರ್ಧ ಮಾತ್ರ ಬೆಳಗಿದರೆ ಪ್ಲಗ್ಗಿನ ಆಯುಸ್ಸು ಮುಗಿದಿದೆ. ಇದು ಬಲ್ಬಿನಂತೆ ಸವೆದುಹೋಗುವ ವಸ್ತು. ಎರಡು ಪ್ಲಗ್ಗುಗಳು ಯಾವಾಗಲೂ ಕೈಯಲ್ಲಿರಲಿ. ಓಡಿದ ಪ್ಲಗ್ಗಿನ ಮುಖವೇ ಎಂಜಿನ್ನಿನ ಜಾತಕ: ಸುರುಳಿ ಹೊಳೆಯುತ್ತ ಒದ್ದೆಯಾಗಿದ್ದರೆ ರಿಚ್, ಮಾಸಲು ಬೂದುಬಣ್ಣವಿದ್ದರೆ ಸರಿ, ತಿರುಚಿ ವಿಕಾರವಾಗಿದ್ದರೆ ಲೀನ್.

ಮೂರನೆಯದು, ಒಳಗೆ ಇಂಧನ ತುಂಬಿಕೊಂಡಿದೆಯೇ ಎಂಬುದು. ಹಗ್ಗ ಕಲ್ಲಿಗೆ ಕಟ್ಟಿದಂತೆ ಬಿಗಿದುಕೊಂಡರೆ ಕೂಡಲೆ ನಿಲ್ಲಿಸಿರಿ. ದ್ರವವನ್ನು ಒತ್ತಿ ಕುಗ್ಗಿಸಲಾಗದು. ಬಲಾತ್ಕಾರಕ್ಕೆ ಹಗ್ಗವೋ ಒಳಗಿನ ಕಡ್ಡಿಯೋ ಮುರಿಯುತ್ತದೆ. ಪ್ಲಗ್ಗನ್ನು ತೆಗೆದು, ಬಂಡಿಯನ್ನು ಬೋರಲು ಹಾಕಿ, ರಂಧ್ರಕ್ಕೆ ಬಟ್ಟೆ ಹಿಡಿದು ಹಗ್ಗವನ್ನು ಐದಾರು ಸಲ ಎಳೆದರೆ ಇಂಧನ ಹೊರಕ್ಕೆ ಚಿಮ್ಮುತ್ತದೆ. ಆಗ ಮುಖವನ್ನು ದೂರವಿಡಬೇಕು. ಹಗ್ಗ ಎಳೆದೆಳೆದು ಸೋತ ಎಂಜಿನ್ನುಗಳಲ್ಲಿ ಈ ತೊಂದರೆಯೇ ಬಹಳ. ನಿಮ್ಮ ಹುಡುಗನ ಅಂಗೈಯ ಬೊಬ್ಬೆಗಳನ್ನು ಎಣಿಸಿದರೆ ನಮಗೆ ಇದರ ಮೇಲೆಯೇ ಅನುಮಾನ.

ನಾಲ್ಕನೆಯದಾಗಿ, ಗಾಳಿಯ ಫಿಲ್ಟರು ಕಟ್ಟಿಕೊಂಡಿದೆಯೇ ನೋಡಿರಿ. ಈ ನಾಲ್ಕೂ ಸರಿಯಿದ್ದರೆ ಮಾತ್ರ ಐದನೆಯದು, ಸ್ಕ್ರೂ.

ಮೂರು ಸ್ಕ್ರೂಗಳ ಕಥೆ

ಕಾರ್ಬ್ಯುರೇಟರಿನಲ್ಲಿ ಮೂರು ಸ್ಕ್ರೂಗಳಿರುತ್ತವೆ. ದೊಡ್ಡ ಸೂಜಿ ಪೂರ್ತಿ ವೇಗದ ಇಂಧನವನ್ನು ಆಳುತ್ತದೆ. ಸಣ್ಣ ಸೂಜಿ ನಿಂತಲ್ಲಿ ಗುನುಗುವಾಗಿನ ಇಂಧನವನ್ನು. ಮೂರನೆಯ ಸ್ಕ್ರೂ ಆ ಗುನುಗಿನ ವೇಗವನ್ನು ನಿಲ್ಲಿಸಿಕೊಳ್ಳುತ್ತದೆ. ಸೂಜಿಗಳನ್ನು ಬಲಕ್ಕೆ ತಿರುಗಿಸಿದರೆ ಲೀನ್, ಎಡಕ್ಕೆ ತಿರುಗಿಸಿದರೆ ರಿಚ್. ನೆರೆಮನೆಯ ಹುಡುಗನು ಮೂರನ್ನೂ ತಿರುಗಿಸಿಬಿಟ್ಟಿರುವುದರಿಂದ, ಕಾರ್ಖಾನೆಯ ಸ್ಥಾನಕ್ಕೆ ಮರಳುವುದೊಂದೇ ದಾರಿ. ದೊಡ್ಡ ಸೂಜಿಯನ್ನು ಮೆಲ್ಲಗೆ, ತಡೆ ಸಿಕ್ಕುವವರೆಗೆ ಮಾತ್ರ ಮುಚ್ಚಿ, ಪುಸ್ತಕ ಹೇಳಿದಷ್ಟು ಸುತ್ತು ತೆರೆಯಬೇಕು. ಒತ್ತಿ ಬಿಗಿದರೆ ಸೂಜಿಯ ಮೊನೆ ಹಾಳಾಗುತ್ತದೆ. ಸಣ್ಣ ಸೂಜಿಗೂ ಗುನುಗಿನ ಸ್ಕ್ರೂವಿಗೂ ಪುಸ್ತಕದಲ್ಲಿ ಬೇರೆ ಗುರುತುಗಳನ್ನು ಕೊಟ್ಟಿರುತ್ತಾರೆ.

ಆ ಮೇಲಿನ ತಿದ್ದುಪಡಿ ಒಂದು ಸಲಕ್ಕೆ ಸುತ್ತಿನ ಎಂಟನೆಯ ಒಂದು ಭಾಗ ಮಾತ್ರ. ತಿರುಗಿಸಿ, ಸ್ವಲ್ಪ ಓಡಿಸಿ, ಕೇಳಿ, ಬಳಿಕ ಮುಂದಿನದು. ದೊಡ್ಡ ಸೂಜಿ ಸರಿಹೋದ ಮೇಲೆಯೇ ಸಣ್ಣದು.

ಎಂಜಿನ್ನಿನ ಭಾಷೆ ಹೀಗಿದೆ. ವೇಗ ಕೊಟ್ಟಾಗ ಗೊಗ್ಗರು ದನಿಯಲ್ಲಿ ಬುಸುಗುಟ್ಟಿ, ಮೋಡದಂಥ ಹೊಗೆ ಬಿಟ್ಟು ನಿಂತರೆ ರಿಚ್. ಚುರುಕಾಗಿ ನೆಗೆದು, ಹೊಗೆಯೇ ಇಲ್ಲದೆ, ದೀಪ ಆರಿಸಿದಂತೆ ತಟ್ಟನೆ ನಿಂತರೆ ಲೀನ್. ವೇಗ ತಗ್ಗಿಸಿದ ಮೇಲೂ ಕೂಗು ಇಳಿಯದೆ ತಾನಾಗಿ ಏರುತ್ತಿದ್ದರೆ, ಲೀನ್ ಆಗಿರಬೇಕು, ಇಲ್ಲವೆ ಎಲ್ಲಿಯೋ ಗಾಳಿ ಕದ್ದು ಒಳನುಗ್ಗುತ್ತಿರಬೇಕು. ಗುನುಗುತ್ತಿರುವಾಗ ಇಂಧನದ ಕೊಳವೆಯನ್ನು ಕಾರ್ಬ್ಯುರೇಟರಿನ ಹತ್ತಿರ ಚಿವುಟಿ ಹಿಡಿಯಿರಿ. ಎರಡು ಮೂರು ಸೆಕೆಂಡು ದನಿ ಕೊಂಚ ಏರಿ ಬಳಿಕ ನಿಂತರೆ ಸಣ್ಣ ಸೂಜಿ ಸರಿಯಾಗಿದೆ. ಚಿವುಟಿದೊಡನೆ ಸತ್ತರೆ ಲೀನ್. ಬಹಳ ಹೊತ್ತು ಎಳೆದಾಡಿದರೆ ರಿಚ್.

ಕಾವಿನ ಪರೀಕ್ಷೆ ಮನೆಯ ಹೆಂಗಸರಿಗೆ ಹೊಸದಲ್ಲ. ದೋಸೆಯ ಕಾವಲಿಯ ಮೇಲೆ ನೀರು ಚಿಮುಕಿಸಿ ನೋಡುವುದಿಲ್ಲವೇ? ಅದೇ ವಿದ್ಯೆ. ಓಡಿ ಬಂದ ಎಂಜಿನ್ನಿನ ತಲೆಯ ಮೇಲೆ ಒಂದು ಹನಿ ನೀರು ಬಿಡಿರಿ. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು ೯೭ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಹನಿ ಸುಮ್ಮನೆ ಕುಳಿತಿದ್ದರೆ ಎಂಜಿನ್ನು ತಣ್ಣಗಿದೆ, ರಿಚ್ ಇದೆ. ಗುಳುಗುಳು ಕುದಿದು ಮೂರು ನಾಲ್ಕು ಸೆಕೆಂಡಿನಲ್ಲಿ ಆರಿದರೆ ಹದ. ಬಿದ್ದೊಡನೆ ಚುರ್ರೆಂದು ಮಾಯವಾದರೆ ಅತಿಯಾಗಿ ಕಾದಿದೆ. ಕೂಡಲೆ ನಿಲ್ಲಿಸಿ, ತಣಿದ ಮೇಲೆ ಸೂಜಿಯನ್ನು ತೆರೆಯಬೇಕು. ಲೆಕ್ಕದಲ್ಲಿ ಹೇಳುವುದಾದರೆ, ತಲೆಯ ಕಾವು ೧೦೫ರಿಂದ ೧೨೫ ಡಿಗ್ರಿಯ ನಡುವೆ ಇರಲಿ. ೨೦೨೦ರ ಸಾಂಕ್ರಾಮಿಕದ ಕಾಲದಲ್ಲಿ ಕೊಂಡ, ಹಣೆಗೆ ಹಿಡಿದು ಜ್ವರ ನೋಡುವ ಉಪಕರಣ ಇದಕ್ಕೆ ಬಾರದು. ಅದು ಮನುಷ್ಯನ ಜ್ವರದ ಮೇರೆಯನ್ನು ದಾಟಿ ಲೆಕ್ಕ ಹೇಳುವುದಿಲ್ಲ. ಕಾರ್ಖಾನೆಗಳಲ್ಲಿ ಬಳಸುವ ಬಗೆಯದು ಬೇಕು. ಸರ್ದಾರ್ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬಹುದು.

ಧೂಳು ಮತ್ತು ತೇವ

ಓಡುವಾಗ ಧೂಳು, ಕುಳಿತಿರುವಾಗ ತೇವ: ಈ ಎಂಜಿನ್ನಿನ ಶತ್ರುಗಳು ಇವೆರಡೇ. ಸೆಕೆಂಡಿಗೆ ಐನೂರು ಸಲ ಉಜ್ಜುವ ಜಾಗಕ್ಕೆ ಚಿಟಿಕೆ ಧೂಳು ಹೊಕ್ಕರೆ ಅದು ಮರಳುಕಾಗದವೇ ಸರಿ. ಗಾಳಿಯ ಫಿಲ್ಟರಿನ ಸ್ಪಂಜನ್ನು ಪ್ರತಿ ಓಟದ ನಂತರ ನೋಡಿ, ಕೊಳೆಯಾಗಿದ್ದರೆ ಸಾಬೂನಿನ ಬೆಚ್ಚನೆಯ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿಯಾಗಿ ಒಣಗಿಸಿ, ಅದಕ್ಕೆಂದೇ ಇರುವ ಎಣ್ಣೆಯನ್ನು ಹಚ್ಚಿ ಹಿಂಡಿ ಹಾಕಬೇಕು. ಎಣ್ಣೆಯಿಲ್ಲದ ಸ್ಪಂಜು ಧೂಳನ್ನು ತಡೆಯದು.

ಆಟ ಮುಗಿದ ದಿನ ಟ್ಯಾಂಕಿನಲ್ಲಿ ಇಂಧನವನ್ನು ಬಿಡಲೇಬಾರದು. ಟ್ಯಾಂಕನ್ನು ಬರಿದು ಮಾಡಿ, ಕೊಳವೆಯಲ್ಲಿ ಉಳಿದುದನ್ನು ಎಂಜಿನ್ನು ತಾನಾಗಿ ನಿಲ್ಲುವವರೆಗೆ ಗುನುಗಿಸಿ ಮುಗಿಸಿ, ಪ್ಲಗ್ಗಿನ ರಂಧ್ರಕ್ಕೂ ಕಾರ್ಬ್ಯುರೇಟರಿಗೂ ನಾಲ್ಕೈದು ತೊಟ್ಟು ‘ಆಫ್ಟರ್ ರನ್’ ಎಣ್ಣೆ ಬಿಟ್ಟು, ಹಗ್ಗವನ್ನು ಕೆಲವು ಸಲ ಎಳೆದು ಒಳಗೆಲ್ಲ ಹರಡಬೇಕು. ಹೀಗೆ ಮಾಡದಿದ್ದರೆ ಮೆಥನಾಲು ಎಳೆದುಕೊಂಡ ತೇವ ಬೇರಿಂಗುಗಳಿಗೆ ತುಕ್ಕು ಹಿಡಿಸುತ್ತದೆ. ಮಳೆಗಾಲದಲ್ಲಿ ಇದನ್ನು ಒಂದು ಸಲವೂ ತಪ್ಪಿಸಬೇಡಿರಿ.

ಅದುರುವಿಕೆಯಿಂದ ಸ್ಕ್ರೂಗಳು ಸಡಿಲಾಗುತ್ತವೆ. ಲೋಹಕ್ಕೆ ಹೊಕ್ಕ ಸ್ಕ್ರೂಗಳಿಗೆ ಮಾತ್ರ, ಮತ್ತೆ ಬಿಚ್ಚಬಹುದಾದ ನೀಲಿ ಅಂಟನ್ನು ಒಂದು ತೊಟ್ಟು ಹಚ್ಚಬಹುದು. ಪ್ಲಾಸ್ಟಿಕ್ಕಿಗೆ ಹೊಕ್ಕವಕ್ಕೆ ಬೇಡ. ಎರಡು ಹಲ್ಲುಚಕ್ರಗಳ ನಡುವೆ ಕಾಗದದ ಪಟ್ಟಿಯೊಂದು ಹರಿಯದೆ ಸುಕ್ಕಾಗಿ ಹಾಯುವಷ್ಟು ಅಂತರವಿರಬೇಕು. ಆ ಕಾಗದಕ್ಕಾಗಿ ಈ ಪತ್ರಿಕೆಯನ್ನೇ ಹರಿಯಬೇಕೆಂದಿಲ್ಲ. ಹಳೆಯ ನೋಟುಪುಸ್ತಕ ಸಾಕು!

ತಂದೆತಾಯಿಗಳು ಓದಲೇಬೇಕಾದ ಭಾಗ

ಎಂಜಿನ್ನು ಕೆಟ್ಟರೆ ಇನ್ನೊಂದು ಬಂದೀತು. ಕಣ್ಣು ಹೋದರೆ ಬಾರದು. ಮೆಥನಾಲು ವಿಷ. ಎರಡು ಸಣ್ಣ ಚಮಚೆಯಷ್ಟು ಹೊಟ್ಟೆಗೆ ಹೋದರೂ ಶಾಶ್ವತವಾಗಿ ಕುರುಡಾಗಬಹುದು. ೧೯೮೧ರ ಜುಲೈಯಲ್ಲಿ ಇದೇ ಬೆಂಗಳೂರಿನಲ್ಲಿ ಮೆಥನಾಲು ಬೆರೆತ ಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರೆಂಬುದನ್ನು ಹಿರಿಯರು ಮರೆತಿರಲಾರರು. ಆದ್ದರಿಂದ ಇಂಧನವು ತನ್ನ ಮೂಲ ಡಬ್ಬಿಯಲ್ಲಿ, ಹೆಸರಿನ ಚೀಟಿಯೊಡನೆ, ಬೀಗದೊಳಗೆ ಇರಬೇಕು. ನೀರಿನ ಬಾಟಲಿಗೋ ಷರಬತ್ತಿನ ಸೀಸೆಗೋ ಎಂದಿಗೂ ಸುರಿಯಬಾರದು. ಕೊಳವೆಯನ್ನು ಬಾಯಿಂದ ಹೀರಬಾರದು. ಕೈಗೆ ತಾಗಿದರೆ ಕೂಡಲೆ ತೊಳೆಯಬೇಕು; ಅದು ಚರ್ಮದ ಮೂಲಕವೂ ಒಳಗೆ ಇಳಿಯು‌ತ್ತದೆ. ಯಾರಾದರೂ ಕುಡಿದರೆ, ‘ಈಗ ಚೆನ್ನಾಗಿಯೇ ಇದ್ದಾನಲ್ಲ’ ಎಂದು ಕಾಯಬಾರದು. ಲಕ್ಷಣಗಳು ಹಲವು ಗಂಟೆ ತಡವಾಗಿ ಕಾಣಿಸುತ್ತವೆ. ಡಬ್ಬಿಯ ಸಮೇತ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು.

ಮೆಥನಾಲಿನ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲವೆನ್ನಬಹುದು. ದೇವರಮನೆಯ ದೀಪದ ಬಳಿ, ಅಡುಗೆಮನೆಯಲ್ಲಿ, ಗೀಸರಿನ ಪಕ್ಕದಲ್ಲಿ ಅದನ್ನು ಇಡಬಾರದು. ತುಂಬುವುದೂ ಓಡಿಸುವುದೂ ಬಯಲಿನಲ್ಲಿಯೇ ಆಗಬೇಕು. ಪುಡಿ ಎರಚುವ ಅಗ್ನಿಶಾಮಕವೊಂದು ಹತ್ತಿರವಿರಲಿ.

ಇನ್ನು ರೇಡಿಯೋ. ಮೂರು ನಾಲ್ಕು ಕಿಲೋ ತೂಕದ ಬಂಡಿ ಗಂಟೆಗೆ ಅರುವತ್ತು ಕಿಲೋಮೀಟರು ವೇಗದಲ್ಲಿ ಹತೋಟಿ ತಪ್ಪಿದರೆ ಮುರಿಯುವುದು ಅಜ್ಜಿಯ ಕಾಲು. ಕೈಪೆಟ್ಟಿಗೆಯನ್ನು ಮೊದಲು ಹಚ್ಚಿ, ಕೊನೆಯಲ್ಲಿ ಆರಿಸತಕ್ಕದ್ದು. ಸಂಪರ್ಕ ಕಡಿದಾಗ ಬಂಡಿ ತಾನಾಗಿ ಬ್ರೇಕು ಹಾಕಿಕೊಳ್ಳುವ ಏರ್ಪಾಟಿಗೆ ‘ಫೇಲ್‌ಸೇಫ್’ ಎನ್ನುತ್ತಾರೆ. ಪ್ರತಿದಿನವೂ ಎಂಜಿನ್ನು ಹೊರಡಿಸುವ ಮೊದಲು, ಚಕ್ರಗಳನ್ನು ನೆಲದಿಂದ ಎತ್ತಿ ನಿಲ್ಲಿಸಿ, ಸನ್ನೆಯನ್ನು ಅರ್ಧ ವೇಗಕ್ಕೆ ಹಿಡಿದು, ಕೈಪೆಟ್ಟಿಗೆಯನ್ನು ಆರಿಸಿ ನೋಡಿರಿ. ಕಾರ್ಬ್ಯುರೇಟರು ಮುಚ್ಚಿ ಬ್ರೇಕು ಬಿಗಿಯಬೇಕು. ಬಿಗಿಯದಿದ್ದರೆ ಆ ದಿನ ಆಟವಿಲ್ಲ. ಬಂಡಿಯೊಳಗಿನ ಬ್ಯಾಟರಿ ಇಳಿದಾಗ ಈ ಏರ್ಪಾಟೂ ಕೈಕೊಡಬಹುದು. ಆದಕಾರಣ ಪ್ರತಿಸಲವೂ ಪೂರ್ತಿ ತುಂಬಿದ ಬ್ಯಾಟರಿಯನ್ನೇ ಹಾಕಬೇಕು.

ಎಲ್ಲಿ ಓಡಿಸಬೇಕು? ಸಂಪಿಗೆ ರಸ್ತೆಯಲ್ಲಿ ಅಲ್ಲ. ಮನೆಯ ಮುಂದಿನ ಅಡ್ಡರಸ್ತೆಯಲ್ಲಿಯೂ ಅಲ್ಲ. ೧೮೮೨ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯ ದಂಡೆಯ ಮೇಲೆ, ಮುಂಜಾನೆ ಗಾಳಿಸೇವನೆಗೆ ಬಂದ ಹಿರಿಯರ ನಡುವೆ, ಖಂಡಿತವಾಗಿ ಅಲ್ಲ. ೨೦೦೦ದ ಶಬ್ದಮಾಲಿನ್ಯ ನಿಯಮಗಳು ವಾಸದ ಬಡಾವಣೆಗಳಿಗೆ ಹಗಲಿನಲ್ಲಿ ೫೫ ಡೆಸಿಬೆಲ್ಲಿನ ಮೇರೆಯನ್ನು ಹಾಕಿವೆ. ಈ ಎಂಜಿನ್ನಿನ ಕೂಗು ಅದನ್ನು ಸುಲಭವಾಗಿ ಮೀರುತ್ತದೆ. ಯಜಮಾನರ ಅನುಮತಿ ಪಡೆದ, ಊರಾಚೆಯ ಬಯಲೇ ಇದಕ್ಕೆ ತಕ್ಕ ಜಾಗ. ಹದಿನಾರರ ಹುಡುಗನೊಡನೆ ದೊಡ್ಡವರೊಬ್ಬರು ಇರಲೇಬೇಕು.

ಒಂದು ನೋಟುಪುಸ್ತಕ

ಕೊನೆಯದಾಗಿ, ನಾಲ್ಕಾಣೆಯಷ್ಟೂ ಖರ್ಚಿಲ್ಲದ ಒಂದು ಉಪಕರಣವನ್ನು ಸೂಚಿಸುತ್ತೇವೆ. ಕಳೆದ ವರ್ಷದ ನೋಟುಪುಸ್ತಕದಲ್ಲಿ ಉಳಿದಿರುವ ಖಾಲಿ ಹಾಳೆಗಳಲ್ಲಿ ಹುಡುಗನು ಪ್ರತಿ ಓಟದ ತಾರೀಖು, ಹೊತ್ತು, ಹವೆ, ಎಷ್ಟನೆಯ ಟ್ಯಾಂಕು, ಸೂಜಿಯ ಸುತ್ತು, ತಲೆಯ ಕಾವು, ಹೊಗೆಯ ಬಣ್ಣ, ಇಷ್ಟನ್ನು ಬರೆದಿಡಲಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಬದಲಾಯಿಸಿದ್ದನ್ನು ಬರೆದು, ಫಲವನ್ನು ನೋಡಲಿ. ಮಲ್ಲೇಶ್ವರದ ಮಗ್ಗುಲಲ್ಲಿಯೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೪೨ರಿಂದ ವಿಮಾನಶಾಸ್ತ್ರವನ್ನು ಕಲಿಸುತ್ತ ಬಂದಿದ್ದಾರೆ. ದೊಡ್ಡ ಎಂಜಿನ್ನುಗಳನ್ನು ಪರೀಕ್ಷಿಸುವ ಪ್ರಯೋಗಶಾಲೆಗಳಲ್ಲಿಯೂ ನಿಯಮ ಇದೇ. ಅಲ್ಲಿ ನೋಟುಪುಸ್ತಕ ಕೊಂಚ ದಪ್ಪ, ಅಷ್ಟೆ.

ಬರುವ ಭಾನುವಾರ ಹಗ್ಗ ಎಳೆಯುವ ಮೊದಲು ಪ್ಲಗ್ಗನ್ನು ಬಿಚ್ಚಿ ನೋಡಲಿ, ಒಳಗೆ ತುಂಬಿರಬಹುದಾದ ಇಂಧನವನ್ನು ಬಸಿಯಲಿ, ಸೂಜಿಗಳನ್ನು ಪುಸ್ತಕದ ಗುರುತಿಗೆ ತರಲಿ. ಬಹುಮಟ್ಟಿಗೆ ಎಂಜಿನ್ನು ಮಾತಾಡುತ್ತದೆ. ಅಮ್ಮಾ, ಅಟ್ಟವನ್ನು ಸದ್ಯಕ್ಕೆ ಹಿತ್ತಾಳೆಯ ಹಳೆಯ ಪಾತ್ರೆಗಳಿಗೇ ಬಿಡಿರಿ. ಟ್ರಕ್ಕು ಹೊರಟ ದಿನ ಆ ನೋಟುಪುಸ್ತಕದ ಮೊದಲ ಪುಟವನ್ನು ನಕಲು ಮಾಡಿ ನಮಗೆ ಕಳುಹಿಸಲು ಮಗನಿಗೆ ಹೇಳಿರಿ.